ಬಾಯಿ ತೆರೆದ ತೆಕ್ಕೈ

“ಬಾಯಿ ಒಂದು ಮಾತ್ರ ತೆರೆಸಬೇಡ ಕಣೋ ತಮ್ಮಾ,” ಎಂದ ಹಿಕೊಜಿ. “ಗಡ್ಡ ಬರಿ, ಊರುಗೋಲು ಬರಿ, ಹರಕು ಬಟ್ಟೆ ಬರಿ. ಏನ್ ಬೇಕಾದ್ರೂ ಬರಿ. ಬಾಯಿ ಮುಚ್ಚಿರ್ಲಿ.”

ಕುಂಚ ತೊಳೆಯುತ್ತಿದ್ದ ಮಗೊರೊಕು ಕೈ ನಿಲ್ಲಿಸಿ ಜೋರಾಗಿ ನಕ್ಕ. “ಯಾಕಣ್ಣಾ? ಕಚ್ತಾನಾ?”

ಹಿಕೊಜಿ ನಗಲಿಲ್ಲ. ಕ್ಯೋಟೋದ ಆ ಮಠದ ಚಿತ್ರಶಾಲೆಯಲ್ಲಿ ಬಂಡೆ, ದೇವದಾರು ಬರೆಯುತ್ತಲೇ ತಲೆ ನೆರೆಸಿಕೊಂಡವನು ಅವನು. ಮನುಷ್ಯರ ಮುಖ ಬರೆದವನಲ್ಲ, ಬರೆಯುವ ಆಸೆಯನ್ನೂ ಇಟ್ಟುಕೊಂಡವನಲ್ಲ. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. “ಬೇರೆ ಕಡೆ ಬರೆದ್ರೆ ಏನೂ ಆಗಲ್ಲ. ಈ ಮನೇಲಿ ತೆಕ್ಕೈ ಬಾಯಿ ತೆರೆದ್ರೆ ಯಾರೋ ಒಳಗೆ ಬರ್ತಾರೆ.”

“ಬರ್ಲಿ ಬಿಡು. ಚಳೀಲಿ ಪಾಪ, ಒಂದು ಬಟ್ಟಲು ಗಂಜಿ ಕೊಟ್ಟು ಕಳಿಸೋಣ.”

“ತಮಾಷೆ ಅಲ್ಲ ಕಣೋ.” ಹಿಕೊಜಿ ಮಗೊರೊಕುವಿನ ಮುಖವನ್ನು ನೋಡದೆ ಎದ್ದು ಹೋದ. ಹೆದರಿದವರ ನಡಿಗೆ ಹಾಗೇ ಇರುತ್ತದೆಂದುಕೊಂಡು ಮಗೊರೊಕು ಮತ್ತೆ ಕುಂಚ ತೊಳೆಯತೊಡಗಿದ.

ತೆಕ್ಕೈ ಯಾರೆಂದು ಕುಂಚ ಹಿಡಿದವರಿಗೆಲ್ಲ ಗೊತ್ತು. ಚೀನಾದ ಸಿದ್ಧರಲ್ಲಿ ಒಬ್ಬ. ದೇಹವನ್ನು ಕೂತಲ್ಲೇ ಬಿಟ್ಟು, ಉಸಿರಿನ ಜೊತೆ ಹೊರಟು, ಲೋಕ ಸುತ್ತಿ ಬರುತ್ತಿದ್ದವನು. ಒಮ್ಮೆ ಹೀಗೆ ಹೋದಾಗ ಕಾವಲಿಗಿದ್ದ ಶಿಷ್ಯ ಗಡುವು ಮುಗಿಯುವ ಮುಂಚೆಯೇ ದೇಹವನ್ನು ಸುಟ್ಟುಬಿಟ್ಟ. ಮರಳಿ ಬಂದ ಸಿದ್ಧನಿಗೆ ಹೊಗಲು ಮೈಯೇ ಇಲ್ಲ. ಕಡೆಗೆ ದಾರಿಬದಿಯಲ್ಲಿ ಸತ್ತುಬಿದ್ದಿದ್ದ ಕುಂಟ ಭಿಕ್ಷುಕನೊಬ್ಬನ ಹೆಣದೊಳಗೆ ಸೇರಿಕೊಂಡ. ಹಾಗಾಗಿ ಚಿತ್ರಗಳಲ್ಲಿ ಅವನು ಊರುಗೋಲು ಹಿಡಿದ ಕೊಳಕು ಮುದುಕ. ಅವನ ತುಟಿಯಿಂದ ಒಂದು ನೀಳ ಉಸಿರು ಹೊರಡುತ್ತದೆ. ಉಸಿರಿನ ತುದಿಯಲ್ಲಿ ಬೆರಳುದ್ದದ ಇನ್ನೊಬ್ಬ ತೆಕ್ಕೈ ಬೆನ್ನು ತಿರುಗಿಸಿ ಆಕಾಶಕ್ಕೆ ನಡೆಯುತ್ತಿರುತ್ತಾನೆ. ಆ ಉಸಿರನ್ನು ತೆಗೆದುಹಾಕಿದರೆ ಉಳಿಯುವುದು ಬರೀ ಕುಂಟ ಭಿಕ್ಷುಕ. ಅಂಥ ಚಿತ್ರವನ್ನು ನಾಡನ್ನಾಳುವ ಶೋಗನ್ನರ ಅರಮನೆಯಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ.

ಮಗೊರೊಕುವಿಗೆ ಚಿತ್ರಶಾಲೆಯ ಮೇಲೆ ಹಳೆಯ ಸಿಟ್ಟಿತ್ತು. ಹೋದ ಶರತ್ಕಾಲದಲ್ಲಿ ಅವನು ಹೆಗಲ ಮೇಲೆ ಬಿಳಿ ಕಪ್ಪೆ ಕೂರಿಸಿಕೊಂಡ ಸಿದ್ಧನನ್ನು ಬರೆದಿದ್ದ. ಶೋಗನ್ನರ ಚಿತ್ರಭಂಡಾರ ನೋಡಿಕೊಳ್ಳುವವರು ಮಠಕ್ಕೆ ಬಂದು, ಆ ಸುರುಳಿಯ ಮುಂದೆ ಮಂಡಿಯೂರಿ, ಇದು ಚೀನಾದಿಂದ ಬಂದದ್ದೇ ಇರಬೇಕು ಎಂದು ತಲೆದೂಗಿದರು. ಮೂಲೆಯಲ್ಲಿ ಕೆಂಪು ಮುದ್ರೆಯಿತ್ತು. ಚಿತ್ರಶಾಲೆಯ ಹಿರಿಯ ಜೋಗನ್ ಸ್ವಾಮಿಯ ಮುದ್ರೆ. ಹೊಗಳಿಕೆಯನ್ನು ಜೋಗನ್ ಕಣ್ಣು ಅರ್ಧ ಮುಚ್ಚಿಕೊಂಡು ಸ್ವೀಕರಿಸಿದ. ಬರೆದವನು ಅದೇ ಕೋಣೆಯಲ್ಲಿ, ಚಹಾದ ತಟ್ಟೆ ಹಿಡಿದುಕೊಂಡು, ಬಂದವರ ಚಪ್ಪಲಿಯ ಪಕ್ಕ ನಿಂತಿದ್ದ. ಇದೆಂಥ ನ್ಯಾಯ? ಬರೆದ ಕೈಗೆ ಚಹಾದ ತಟ್ಟೆ, ಮುದ್ರೆ ಒತ್ತಿದ ಕೈಗೆ ನಮಸ್ಕಾರ. ಆ ದಿನ ತಟ್ಟೆಯನ್ನು ಅಲ್ಲೇ ಎತ್ತಿ ಬಡಿಯಬೇಕಿತ್ತು, ಬಡಿಯಲಿಲ್ಲ. ಅದಕ್ಕಾಗಿ ಅವನು ತನ್ನನ್ನೂ ಕ್ಷಮಿಸಿರಲಿಲ್ಲ.

ಅವನ ಅಪ್ಪ ವಕಾಸದ ಕಡಲತೀರದಿಂದ ಉಪ್ಪು ಹಾಕಿದ ಬಂಗುಡೆಯನ್ನು ಬೆನ್ನ ಮೇಲೆ ಹೊತ್ತು, ಗುಡ್ಡ ಹತ್ತಿಳಿದು, ರಾಜಧಾನಿಗೆ ತಂದು ಮಾರುತ್ತಿದ್ದವನು. ಮಠದಲ್ಲಿ ಉಳಿದ ಚಿತ್ರಗಾರರು ಮಗೊರೊಕು ಬಂದರೆ ಮೂಗು ಮುಚ್ಚಿಕೊಂಡು ಕಣ್ಣು ಮಿಟುಕಿಸುತ್ತಿದ್ದರು. ಅದನ್ನೂ ಅವನು ನುಂಗಿಕೊಂಡಿದ್ದ. ಆದರೆ ಅರಮನೆಯವರು ಕಪ್ಪೆ ಸಿದ್ಧನಿಗೆ ಜೋಡಿಯಾಗಿ ತೆಕ್ಕೈ ಬೇಕೆಂದು ಹೇಳಿಕಳಿಸಿದಾಗ ಅವನು ಕುಂಚ ಕೆಳಗಿಟ್ಟುಬಿಟ್ಟ. ನನ್ನ ಹೆಸರಿನ ಮುದ್ರೆ ಒತ್ತುವುದಾದರೆ ಬರೆಯುತ್ತೇನೆ, ಇಲ್ಲವಾದರೆ ಅರಮನೆಗೆ ನೀವೇ ಬರೆದುಕೊಡಿ ಎಂದ. ಜೋಗನ್‌ಗೆ ಬರೆಯಲು ಬರುವುದಿಲ್ಲವೆಂಬುದು ಇಡೀ ಚಿತ್ರಶಾಲೆಗೆ ಗೊತ್ತಿದ್ದ ವಿಷಯ.

ಜೋಗನ್ ರೇಗಬಹುದೆಂದು ಎಲ್ಲರೂ ಕಾದರು. ಅವನು ರೇಗಲಿಲ್ಲ. ಬಹಳ ಹೊತ್ತು ಮಗೊರೊಕುವಿನ ಮೈಕಟ್ಟನ್ನು, ಹೆಗಲನ್ನು, ಬೆರಳುಗಳನ್ನು ನೋಡಿದ. ಸಂತೆಯಲ್ಲಿ ಎತ್ತು ಕೊಳ್ಳುವವನು ನೋಡುವ ಹಾಗೆ ನೋಡಿದ.

“ಆಯ್ತಪ್ಪಾ. ಮುದ್ರೆ ನಿಂದೇ ಒತ್ತು,” ಎಂದ. “ಆದ್ರೆ ಬಾಯಿ ಮುಚ್ಚಿರ್ಬೇಕು. ನಮ್ಮ ಗುರುಗಳು ಶೂಯೆನ್ ಹೋದಾಗಿಂದ ಈ ಮನೇಲಿ ಇದು ಕಟ್ಟು. ಉಸಿರು ಬರೀಕೂಡ್ದು. ತಿಳೀತಾ?”

“ಉಸಿರಿಲ್ಲದ ತೆಕ್ಕೈನ ಯಾರು ನೋಡ್ತಾರೆ ಗುರುಗಳೇ?”

“ಬೇಡ ಅಂದ್ರೆ ಬೇಡ.”

ಹಾಗೆಂದು ಜೋಗನ್ ಪೆಟ್ಟಿಗೆಯಿಂದ ಒಂದು ಗಂಟು ತೆಗೆದ. ಅದಕ್ಕೆ ಸುತ್ತಿದ್ದ ಕಾಗದದ ಮೇಲೆ ಬೆಟ್ಟದ ಮಾಂತ್ರಿಕರು ಬರೆಯುವಂಥ ಕೆಂಪು ಅಕ್ಷರಗಳಿದ್ದವು. ಕಾಗದ ಬಿಡಿಸಿದಾಗ ಒಳಗೆ ಒಂದು ಮಸಿಕಡ್ಡಿ. ಒಮ್ಮೆಯೂ ತೇಯದ್ದು, ಕಲ್ಲಿದ್ದಲಿಗಿಂತ ಕಪ್ಪು. “ಒಳ್ಳೇ ಮಸಿ. ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದೆ. ಇದ್ರಲ್ಲೇ ಬರಿ,” ಎಂದ. ಕೊಟ್ಟ ಕೂಡಲೇ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡ. ಕಪ್ಪು ಅಂಟಿರಬೇಕೆಂದುಕೊಂಡ ಮಗೊರೊಕು.

ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಲೆಕ್ಕ ಸ್ಪಷ್ಟವಾಗುತ್ತ ಹೋಯಿತು. ಮುದುಕನ ಹುನ್ನಾರ ಇದು! ಹೆಸರು ಕೊಟ್ಟ ಹಾಗೂ ಆಗಬೇಕು, ಆ ಹೆಸರು ಅರಮನೆಯಲ್ಲಿ ನಗೆಪಾಟಲೂ ಆಗಬೇಕು. ಮಗೊರೊಕು ಎಂಬವನು ಒಬ್ಬ ಕುಂಟನನ್ನು ಬರೆದು ಕಳಿಸಿದ್ದಾನೆ, ಉಸಿರು ಬರೆಯಲು ಬಾರದವನು, ಮೀನಿನವನ ಮಗ. ಆಮೇಲೆ ಜೋಗನ್ ಮತ್ತೆ ತನ್ನ ಮುದ್ರೆ ಹಿಡಿದು ಕೂರುತ್ತಾನೆ.

ಮೀನುಪೇಟೆಯ ಹಿಂದಿನ ಓಣಿಯಲ್ಲಿದ್ದ ಒಂದು ಕೋಣೆಯ ಮನೆಗೆ ಅವನು ಬಾಗಿಲು ಒದ್ದುಕೊಂಡೇ ಬಂದ. ಹೆಂಡತಿ ಅಗುರಿ ಒಲೆಯ ಮೇಲಿದ್ದ ಮೂಲಂಗಿ ಸಾರನ್ನು ಕೈಯಾಡಿಸುತ್ತಿದ್ದವಳು, ಸೌಟನ್ನು ಎದೆಗೆ ಹಿಡಿದುಕೊಂಡು ಗೋಡೆಗೆ ಸರಿದಳು. ಬಾಗಿಲಿನ ಸದ್ದಿನಲ್ಲೇ ಆ ದಿನ ಹೇಗಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ಅವನು ಎಲ್ಲವನ್ನೂ ಕೂಗಿ ಕೂಗಿ ಹೇಳಿದ.

“ರೀ, ಮುಚ್ಚಿದ ಬಾಯೇ ಬರೆದುಬಿಡಿ,” ಎಂದಳು ಅವಳು ಮೆತ್ತಗೆ. “ಹೆಸರು ಸಿಗುತ್ತಲ್ಲಾ. ಅದನ್ನೇ ಅಲ್ವಾ ನೀವು ಕೇಳಿದ್ದು?”

ಅವನ ಕೈ ಮೇಲೆದ್ದಿತು. ಅವಳು ಕಣ್ಣು ಮುಚ್ಚಿಕೊಂಡಳು. ಆ ದಿನ ಪೆಟ್ಟು ಬೀಳಲಿಲ್ಲ. ಬಿದ್ದ ದಿನಗಳೂ ಇದ್ದವು. ಲೋಕದ ಮೇಲಿನ ಸಿಟ್ಟನ್ನು ಲೋಕದ ಮೇಲೆ ತೀರಿಸಲಾಗದ ಗಂಡಸರು ಏನು ಮಾಡುತ್ತಾರೋ ಅವನೂ ಅದನ್ನೇ ಮಾಡುತ್ತಿದ್ದ, ಆಮೇಲೆ ಮೂಲೆಯಲ್ಲಿ ಕೂತು ಪೇಚಾಡುತ್ತಿದ್ದ. ಅವನಿಗೆ ಆಗುತ್ತಿದ್ದ ಅನ್ಯಾಯ ನಿಜ. ಅವಳಿಗೆ ಆಗುತ್ತಿದ್ದದ್ದೂ ನಿಜ.

ಚಿತ್ರ ಬರೆದ ದಿನ ಹಿಮ ಬೀಳುತ್ತಿತ್ತು. ಮಧ್ಯಾಹ್ನವೇ ಬೆಳಕು ಸತ್ತಿತ್ತು. ಗಾಳಿಗೆ ಮರದ ಬಾಗಿಲುಗಳನ್ನೆಲ್ಲ ಎಳೆದಿದ್ದರಿಂದ ಚಿತ್ರಶಾಲೆಯ ಹಿಂದಿನ ಕೋಣೆ ಗುಹೆಯಂತಾಗಿತ್ತು. ಒಂದು ಎಣ್ಣೆದೀಪ, ಒಂದು ಕೆಂಡದ ಮಡಕೆ, ಎದುರಿಗೆ ಹಾಸಿದ ಉದ್ದನೆಯ ಕಾಗದ. ಉಳಿದವರೆಲ್ಲ ಪ್ರಾರ್ಥನೆಗೆ ಹೋಗಿದ್ದರು. ಜೋಗನ್ ಅವರನ್ನು ತಾನೇ ಕರೆದುಕೊಂಡು ಹೋಗಿದ್ದ.

ಮಗೊರೊಕು ಮಸಿಕಲ್ಲಿಗೆ ನೀರು ಬಿಟ್ಟು ಕಡ್ಡಿ ತೇಯತೊಡಗಿದ. ಒಳ್ಳೆಯ ಮಸಿ ತೇದರೆ ಕರ್ಪೂರದ ಪರಿಮಳ ಬರುತ್ತದೆ. ಇದರಿಂದ ಬಂದದ್ದು ಕೂದಲು ಸುಟ್ಟ ವಾಸನೆ. ಮೊದಲು ಸಣ್ಣಗೆ, ಆಮೇಲೆ ಗಂಟಲಿಗೆ ಹತ್ತಿಕೊಳ್ಳುವಷ್ಟು. ಅದರ ಅಡಿಯಲ್ಲಿ ಕೊಬ್ಬು ಕರಗಿದ ಇನ್ನೊಂದು ವಾಸನೆಯಿತ್ತು. ಮಸಿಗೆ ಬೆರೆಸಿದ ಅಂಟು ಹಳೆಯದಾಗಿರಬೇಕೆಂದು ಅವನು ಮುಖ ಸಿಂಡರಿಸಿಕೊಂಡು ತೇದ. ಸರ್, ಸರ್, ಸರ್. ಕೈ ನೋವಾಗಿ ನಿಲ್ಲಿಸಿದ. ಸದ್ದು ಇನ್ನೂ ಎರಡು ಸಲ ಕೇಳಿ ಆಮೇಲೆ ನಿಂತಿತು.

“ಗಾಳಿ,” ಎಂದುಕೊಂಡ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿತು.

ಮಸಿ ಮಾತ್ರ ಅದ್ಭುತವಾಗಿತ್ತು. ಕುಂಚ ಕಾಗದಕ್ಕೆ ತಾಗುವ ಮುಂಚೆಯೇ ಗೆರೆ ತಾನು ಎಲ್ಲಿಗೆ ಹೋಗಬೇಕೆಂದು ಬಲ್ಲದ್ದಾಗಿತ್ತು. ಸೊಟ್ಟ ಕಾಲು ಬಂತು. ಗಂಟುಗಂಟಾದ ಊರುಗೋಲು ಬಂತು. ಹರಕು ಬಟ್ಟೆಯ ಅಂಚುಗಳು, ಎದೆಯ ಎಲುಬು, ಜಡೆಗಟ್ಟಿದ ಗಡ್ಡ. ಕಣ್ಣು ಬರೆದಾಗ ಅದು ನೇರ ಅವನನ್ನೇ ನೋಡಿತು. ಇಷ್ಟು ಚೆನ್ನಾಗಿ ಅವನು ಹುಟ್ಟಿದಾಗಿನಿಂದ ಬರೆದಿರಲಿಲ್ಲ. ಇಂಥ ಚಿತ್ರದ ಬಾಯಿಯನ್ನು ಮುಚ್ಚಬೇಕಂತೆ! ಯಾರ ಅಪ್ಪನ ಮನೆ ಕಟ್ಟು? ಕಪ್ಪೆಯನ್ನು ನುಂಗಿದವರು, ಈಗ ಉಸಿರನ್ನೂ ನುಂಗಬೇಕೆಂದು ಕೂತಿದ್ದಾರೆ. ಸಿಟ್ಟು ಅವನ ಕಿವಿಗಳಲ್ಲಿ ಬಡಿಯುತ್ತಿತ್ತು. ತುಟಿಗಳನ್ನು ಅವನು ತೆರೆದೇ ಬರೆದ.

ಉಳಿದದ್ದು ಉಸಿರು. ಆ ಚಿತ್ರಶಾಲೆಯಲ್ಲಿ ಉದ್ದ ಗೆರೆಗಳನ್ನು ಎಳೆಯುವ ರೀತಿಯೇ ಬೇರೆ. ಎದೆ ತುಂಬ ಉಸಿರು ತೆಗೆದುಕೊಂಡು, ಅದನ್ನು ಹೊರಗೆ ಬಿಡುತ್ತ ಬಿಡುತ್ತ ಗೆರೆ ಎಳೆಯಬೇಕು. ಕುಂಚ ಕಾಗದ ಬಿಡುವ ತನಕ ಹೊಸ ಉಸಿರು ತೆಗೆಯುವಂತಿಲ್ಲ. ನಡುವೆ ತೆಗೆದರೆ ಗೆರೆ ಅಲುಗುತ್ತದೆ, ಅಲುಗಿದ ಗೆರೆಯನ್ನು ಮಸಿಯಲ್ಲಿ ತಿದ್ದಲಾಗುವುದಿಲ್ಲ. ಶೂಯೆನ್ ಕಲಿಸಿದ್ದ ಪಾಠವಂತೆ ಅದು. ಕಲಿಯುವವರು ಒಣ ಕುಂಚ ಹಿಡಿದು ತಿಂಗಳುಗಟ್ಟಲೆ ಅದನ್ನೇ ಮಾಡುತ್ತಾರೆ. ಮಗೊರೊಕುವಿನಷ್ಟು ಉದ್ದಕ್ಕೆ ಎಳೆಯಬಲ್ಲವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಅವನು ಎದೆ ತುಂಬಿಕೊಂಡ. ಕುಂಚದ ತುದಿಯನ್ನು ತೆಕ್ಕೈಯ ತುಟಿಗೆ ಇಟ್ಟ. ಬಿಡತೊಡಗಿದ.

ಗೆರೆ ಹೊರಟಿತು. ತೆಳ್ಳಗೆ, ನೀಳವಾಗಿ, ಮೇಲಕ್ಕೆ. ದೀಪದ ಕುಡಿ ಗೆರೆ ಹೋದ ಕಡೆಗೇ ಬಾಗಿತು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ಎದೆ ಅರ್ಧ ಖಾಲಿಯಾಯಿತು. ಗೆರೆ ಇನ್ನೂ ಹೋಗುತ್ತಿತ್ತು. ನಿಲ್ಲಿಸಬೇಕೆಂದುಕೊಂಡ. ಕೈ ನಿಲ್ಲಲಿಲ್ಲ. ಎದೆ ಬರಿದಾಯಿತು. ಗೆರೆ ಇನ್ನೂ ಹೋಗುತ್ತಿತ್ತು. ಹೊಟ್ಟೆಯ ತಳದಿಂದ, ಬೆನ್ನಿನ ಎಲುಬಿನಿಂದ, ಕಾಲಿನ ಬೆರಳುಗಳಿಂದ ಏನೋ ಕಿತ್ತುಕೊಂಡು ಮೇಲೆ ಬಂತು. ಗಂಟಲು ದಾಟಿತು. ಹಲ್ಲು ದಾಟಿತು. ಕುಂಚ ಕಾಗದ ಬಿಟ್ಟಿತು.

ಉಸಿರು ಎಳೆದುಕೊಳ್ಳಲು ಬಾಯಿ ತೆರೆದ. ಬಾಯಿ ಇರಲಿಲ್ಲ.

ಕೆಳಗೆ ಒಬ್ಬ ಕೂತಿದ್ದ. ಹಣೆಯ ಮೇಲೆ ಮಸಿಯ ಚುಕ್ಕೆ. ತನ್ನದೇ ಬೈತಲೆ. ತನ್ನದೇ ಕಿವಿ. ಆ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಮಸಿಕಲ್ಲಿನಿಂದ ಹೊಗೆಯೊಂದು ಎದ್ದಿತು. ಅದು ಆತುರಪಡಲಿಲ್ಲ. ಎಷ್ಟೋ ವರ್ಷ ಕಾದದ್ದಕ್ಕೆ ಆತುರ ಯಾಕೆ? ಗಲ್ಲ ಹತ್ತಿತು. ತುಟಿ ದಾಟಿತು. ಒಳಗೆ ಇಳಿಯಿತು.

ಮಗೊರೊಕು ಕೂಗಿದ. ಸದ್ದಾಗಲಿಲ್ಲ. ಕೆಳಗಿದ್ದ ಮೈ ಒಮ್ಮೆ ಕೆಮ್ಮಿತು. ಎದೆ ಉಬ್ಬಿತು. ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡಿತು.

ಬಾಗಿಲು ಸರಿಯಿತು. ಜೋಗನ್ ಮೊಣಕಾಲ ಮೇಲೆ ತೆವಳುತ್ತ ಒಳಗೆ ಬಂದ, ಅವನ ಹಿಂದೆ ಹಿಕೊಜಿ.

“ಗುರುಗಳೇ,” ಜೋಗನ್‌ನ ದನಿ ಬಿರಿಯಿತು. “ಶೂಯೆನ್ ಗುರುಗಳೇ, ಬಂದ್ರಾ? ನೋಡಿ, ಮೈ ಕೊಟ್ಟಿದೀನಿ. ಗಟ್ಟಿ ಮೈ. ಒಳ್ಳೇ ಕೈ. ಅವತ್ತು ನೀವು ತೆಕ್ಕೈ ಹಾಗೆ ಉಸಿರಿನ ಜೊತೆ ಹೋದಾಗ ಮೈ ಕಾಯೋಕೆ ಹೇಳಿದ್ರಿ, ನಾನು ಕಾಯ್ಲಿಲ್ಲ. ಬದುಕಿದೀರಿ ಅಂತ ಗೊತ್ತಿದ್ದೇ ಸುಟ್ಟೆ. ಚಿತ್ರಶಾಲೆ ಮೇಲೆ ಆಸೆ ಬಿತ್ತು. ಆಮೇಲೆ ಒಂದು ದಿನಾನಾದ್ರೂ ನೆಮ್ಮದಿಯಾಗಿ ಮಲಗಿಲ್ಲ. ಚಿತೆ ಮಸಿಯೊಳಗೆ ಮಾಂತ್ರಿಕರಿಂದ ನಿಮ್ಮನ್ನ ಕಟ್ಟಿಹಾಕ್ಸಿದ್ದೂ ನಾನೇ, ಈಗ ಬಿಡಿಸಿದ್ದೂ ನಾನೇ. ಇನ್ನು ನನ್ನ ಬಿಟ್ಬಿಡಿ.”

ಹಿಕೊಜಿ ಗೋಡೆಗೆ ಆತುಕೊಂಡು ಅಳುತ್ತಿದ್ದ. “ನೀವು ಹೇಳಿಕೊಟ್ಟ ಹಾಗೇ ಹೇಳ್ದೆ ಸ್ವಾಮಿ. ಬಾಯಿ ತೆರೆಸಬೇಡ ಅಂತ. ಪಾಪದವನು, ಅವನು... ಅವನು ಕೇಳ್ಬಹುದು ಅಂತ ಒಂದು ಆಸೆ ಇತ್ತು.”

“ಅವನೆಲ್ಲಿ ಕೇಳ್ತಾನೆ? ಬೇಡ ಅಂದದ್ದನ್ನೇ ಮಾಡೋ ಜಾತಿ ಅದು. ಬರಿ ಅಂದಿದ್ರೆ ಬರೀತಿರ್ಲಿಲ್ಲ.”

ಸೂರಿನ ತೊಲೆಗೆ ಹೊಗೆಯಂತೆ ಅಂಟಿಕೊಂಡಿದ್ದ ಮಗೊರೊಕು ಇದನ್ನೆಲ್ಲ ಕೇಳಿದ. ಎಚ್ಚರಿಕೆಯೇ ಗಾಳವಾಗಿತ್ತು. ತನ್ನ ಸಿಟ್ಟಿನ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಹೊಲಿದಿದ್ದರು. ಕೆಳಗೆ ಧುಮುಕಿ ಆ ಮುದುಕನ ಕುತ್ತಿಗೆ ಹಿಸುಕಬೇಕೆಂದರೆ ಹಿಸುಕಲು ಕೈಯಿಲ್ಲ.

ಮಗೊರೊಕುವಿನ ಬಾಯಿಂದ ಇನ್ನೊಬ್ಬ ಮಾತಾಡಿದ. ನಿಧಾನವಾದ, ಹಳೆಯ ರಾಜಧಾನಿಯ ಮೃದುವಾದ ಮಾತು. “ಚಿತೆ ಬಿಸಿಯಾಗಿತ್ತು ಜೋಗನ್. ನಾನು ಬಂದಾಗ ಕಾಲುಗಳು ಇನ್ನೂ ಉರೀತಿದ್ವು.”

ಜೋಗನ್ ಹಣೆಯನ್ನು ನೆಲಕ್ಕೆ ಒತ್ತಿದ.

“ನಿನ್ನನ್ನ ಕೊಲ್ಲಲ್ಲ ಕಣೋ. ನನಗೆ ಬರೆಯೋ ಕೆಲಸ ಬಹಳ ಇದೆ, ಸಮಯ ಇಲ್ಲ. ಮಸಿ ತೇಯಿ. ನಾನು ಸಾಕು ಅನ್ನೋ ತನಕ ತೇಯ್ತಾ ಇರು.” ಅವನು ಕುಂಚ ಎತ್ತಿಕೊಂಡು ಸೇರಿಸಿದ: “ನಾನು ಸಾಕು ಅನ್ನೋದಿಲ್ಲ.”

ಆಮೇಲೆ ಅವನು ಮಗೊರೊಕು ತಾನೇ ಕೆತ್ತಿಕೊಂಡಿದ್ದ ಮುದ್ರೆಯನ್ನು ಎತ್ತಿ, ಕೆಂಪಿನಲ್ಲಿ ಅದ್ದಿ, ಚಿತ್ರದ ಮೂಲೆಗೆ ಒತ್ತಿದ.

ಹಿಕೊಜಿ ಬಾಗಿಲು ತೆರೆದು ಹೊರಗೆ ಓಡಿದ. ಗಾಳಿ ಒಳಗೆ ನುಗ್ಗಿತು. ತೊಲೆಯಿಂದ ಮಗೊರೊಕು ಕಿತ್ತುಬಂದ. ಹಿಡಿಯಲು ಏನೂ ಇಲ್ಲ. ಹಿಡಿಯುವ ಕೈಯೂ ಇಲ್ಲ. ಮಠದ ಹೆಂಚು. ದೇವದಾರಿನ ತುದಿ. ಹಿಮ ಅವನ ಮೂಲಕವೇ ಬೀಳುತ್ತಿತ್ತು. ಪ್ರತಿ ಹಳುಕೂ ಅವನಿಂದ ಒಂದು ಚೂರನ್ನು ಕಿತ್ತುಕೊಂಡು ಹೋಯಿತು. ಅಪ್ಪನ ಮುಖ ಹೋಯಿತು. ವಕಾಸದ ಕಡಲ ಸದ್ದು ಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಏನೂ ಉಳಿಯುವುದಿಲ್ಲ. ಮೈ ಬೇಕು. ಯಾವ ಮೈಯಾದರೂ ಸರಿ.

ಕಾಮೊ ನದಿಯ ಮರಳಿನ ಮೇಲೆ ಚಳಿಗೆ ಸತ್ತವರನ್ನು ಎಳೆದುಹಾಕಿದ್ದರು. ಕಾಗೆಗಳು. ನಾಯಿಗಳು. ಒಂದು ಹೆಣ ಗಟ್ಟಿಯಾಗಿ ಹೋಗಿತ್ತು, ಅದರೊಳಗೆ ಹೋಗಲಾಗಲಿಲ್ಲ. ಇನ್ನೊಂದಕ್ಕೆ ಹೊಟ್ಟೆಯಿರಲಿಲ್ಲ. ಮೂರನೆಯದು ಚಾಪೆಯ ಕೆಳಗಿತ್ತು, ಈಗತಾನೇ ಉಸಿರು ಬಿಟ್ಟದ್ದು, ಬಾಯಲ್ಲಿ ಇನ್ನೂ ಹಬೆ. ಅವನು ಧುಮುಕಿದ.

ಕತ್ತಲು. ಕೊಳೆತ ಹಲ್ಲಿನ ರುಚಿ. ಕಫ. ಯಾರದೋ ಹಸಿವು. ಎದೆ ಬಂಡೆಯಾಗಿತ್ತು. ಒದ್ದ. ಮತ್ತೆ ಒದ್ದ. ಎದೆಯೊಳಗೆ ಎಲ್ಲೋ ಒಂದು ಬಡಿತ. ಇನ್ನೊಂದು. ಗಾಳಿ ಒಳಗೆ ಬಂತು, ಚಾಕುವಿನಂತೆ ಬಂತು. ಅವನು ಕಣ್ಣು ತೆರೆದಾಗ ಒಂದು ಕಾಗೆ ಅವನ ಎದೆಯ ಮೇಲೆ ನಿಂತು ನೋಡುತ್ತಿತ್ತು.

ಆ ಮೈಯ ಎಡಗಾಲು ಮೊಣಕಾಲಿನಿಂದ ಕೆಳಗೆ ಒಣಗಿತ್ತು. ಬಲಗೈಯ ಬೆರಳುಗಳು ಚಳಿಗೆ ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡು, ಮಡಚಲು ಬಾರದಂತಾಗಿದ್ದವು. ನದಿಯ ಪಕ್ಕದ ಭಿಕ್ಷುಕರು ಸತ್ತವನು ಎದ್ದನೆಂದು ಮೊದಲು ಓಡಿದರು. ಆಮೇಲೆ, ಬದುಕಿದ್ದಾನೆ ಬಿಡಿ ಎಂದು ಬೈದುಕೊಂಡು ಹತ್ತಿರ ಬಂದು, ಬೆಂಕಿಯ ಬಳಿ ಜಾಗ ಕೊಟ್ಟರು. ಅವರಲ್ಲೊಬ್ಬ ಊರುಗೋಲನ್ನೂ ಕೊಟ್ಟ. ಮಗೊರೊಕು ಅವನಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ: ನನ್ನದು ನನಗೆ ಬೇಕು.

ಕೆಲವು ವಾರಗಳಲ್ಲಿ ನಡೆಯಲು ಕಲಿತ ಕೂಡಲೇ ಅವನು ಮಠಕ್ಕೆ ಹೋದ. ಬಾಗಿಲ ಕಾಯುವ ಸನ್ಯಾಸಿ ಪೊರಕೆ ಎತ್ತಿಕೊಂಡ. “ಏಯ್, ದೂರ ನಿಂತ್ಕೊ! ಚಿತ್ರ ಅರಮನೆಗೆ ಹೊರಟಿದೆ. ಹೇನು ಉದುರಿಸ್ಬೇಡ.”

ಒಳಗಿನಿಂದ ಮೆರವಣಿಗೆಯಂತೆ ಬಂದರು. ಮುಂದೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಸುರುಳಿ. ಅದರ ಹಿಂದೆ ಹೊಸ ನಿಲುವಂಗಿ ತೊಟ್ಟ ಮಗೊರೊಕುವಿನ ಮೈ, ಬೆನ್ನು ನೆಟ್ಟಗೆ, ಮುಖದಲ್ಲಿ ಶಾಂತಿ. ಅವನ ತಲೆಗೆ ಕೊಡೆ ಹಿಡಿದು, ಕಂಕುಳಲ್ಲಿ ಮಸಿಪೆಟ್ಟಿಗೆ ಇರುಕಿಕೊಂಡು ಜೋಗನ್ ಬರುತ್ತಿದ್ದ. ಮುದುಕನ ಬೆರಳುಗಳ ತುದಿ ಸವೆದು ರಕ್ತ ಕಟ್ಟಿತ್ತು. ದಾರಿಯಲ್ಲಿ ಜನ ಪಿಸುಗುಟ್ಟುತ್ತಿದ್ದರು: “ಅಗೋ ಅವರೇ ಮಗೊರೊಕು. ಮೀನು ಹೊರೋನ ಮಗ ಅಂತೆ. ಚಿತ್ರದಲ್ಲಿರೋ ಉಸಿರು ಅಲುಗಾಡುತ್ತೆ ಅಂತಾರಪ್ಪ.”

“ಕಳ್ಳಾ!” ಎಂದು ಭಿಕ್ಷುಕ ಕೂಗಿದ. ಮುರಿದ ಹಲ್ಲುಗಳ ನಡುವೆ ಮಾತು ಜೊಲ್ಲಾಗಿ ಬಂತು. “ನನ್ನ ಮೈ! ಕೊಡೋ ನನ್ನ ಮೈ!”

ಜನ ನಕ್ಕರು. ಜೋಗನ್ ಕೊಡೆಯನ್ನು ಬಿಗಿಯಾಗಿ ಹಿಡಿದು ನೆಲ ನೋಡಿದ. ಶೂಯೆನ್ ಮಾತ್ರ ನಿಂತ. ಎಲ್ಲರನ್ನೂ ಮುಂದೆ ಕಳಿಸಿ, ಹತ್ತಿರ ಬಂದು, ಕೊಳಕಿಗೆ ಹೇಸದೆ ಅವನ ಪಕ್ಕ ಬಾಗಿದ.

“ಉಳ್ಕೊಂಡ್ಯಾ? ಸಂತೋಷ,” ಎಂದ. ನಿಜವಾದ ಸಂತೋಷವೇ ಇತ್ತು ಅದರಲ್ಲಿ. “ನಂದು ತಪ್ಪೇ. ನನ್ನನ್ನ ಸುಟ್ಟೋರು ನಿನ್ನನ್ನ ಕೊಟ್ರು, ನಾನು ಬೇಡ ಅನ್ನೋಕಾಗ್ಲಿಲ್ಲ. ಮಸಿಯೊಳಗೆ ಎಷ್ಟು ಕತ್ಲೆ ಅಂತ ನಿನಗೆ ಗೊತ್ತಿಲ್ಲ.”

“ಹೊರಗೆ ಬಾ.”

“ಬಂದ್ರೆ ಎಲ್ಲಿಗೆ ಹೋಗ್ಲಿ? ನಿಂಗೆ ಹೆಸರು ಬೇಕಿತ್ತಂತೆ. ಹೆಸರು ನಿಂದೇ ಇಟ್ಕೊಂಡಿದೀನಿ. ನಂದು ಎಲ್ಲೂ ಹಾಕಿಲ್ಲ.” ಅವನು ಕೈಮುಗಿದು ಎದ್ದು ಹೋದ.

ಅವನು ಬೈದಿದ್ದರೆ, ಒದ್ದಿದ್ದರೆ, ಕಚ್ಚಲಾದರೂ ಆಗುತ್ತಿತ್ತು. ಮಗೊರೊಕು ಊರುಗೋಲಿನಿಂದ ನೆಲವನ್ನು ಬಡಿದ. ಸುತ್ತಲಿದ್ದವರು ಮತ್ತೆ ನಕ್ಕರು. ಆಗ ಅವನಿಗೆ ಅಗುರಿಯ ನೆನಪಾಯಿತು. ಲೋಕವೆಲ್ಲ ಮೋಸಹೋದರೂ ಹೆಂಡತಿ ಹೋಗುತ್ತಾಳೆಯೇ? ಜೊತೆಗೆ ಮಲಗಿದವಳು, ಜೊತೆಗೆ ಉಪವಾಸ ಬಿದ್ದವಳು. ಅವಳು ಬಂದು ಊರ ಮುಂದೆ ನಿಂತು ಇವನೇ ನನ್ನ ಗಂಡ ಎಂದರೆ ಸಾಕು. ಶೂಯೆನ್ ಅರಮನೆಯಿಂದ ಬರುವುದರೊಳಗೆ ಅವಳನ್ನು ಕಾಣಬೇಕೆಂದು ಅವನು ಕುಂಟುತ್ತ ಮೀನುಪೇಟೆಯ ದಾರಿ ಹಿಡಿದ.

ಓಣಿಯಲ್ಲಿ ಉಪ್ಪುಮೀನಿನ ವಾಸನೆ ಹಾಗೇ ಇತ್ತು. ಮನೆಯೊಳಗಿಂದ ಹಾಡಿನ ಸದ್ದು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಹಾಡುತ್ತಿದ್ದಳೆಂಬುದನ್ನೇ ಅವನು ಮರೆತಿದ್ದ. ಊರುಗೋಲಿನಿಂದ ಬಾಗಿಲು ತಟ್ಟಿದ. ಹಾಡು ನಿಂತಿತು. ಅಗುರಿ ಬಾಗಿಲು ಸರಿಸಿ, ಅವನನ್ನು ನೋಡಿ, ಅಯ್ಯೋ ಎಂದು ಒಳಗೆ ಹೋಗಿ ನವಣೆ ಗಂಜಿಯ ಬಟ್ಟಲು ತಂದಳು. ಅವಳ ಕೆನ್ನೆ ತುಂಬಿಕೊಂಡಿತ್ತು.

“ತಗೊಳ್ಳಿ ಅಜ್ಜಾ. ಬಿಸಿ ಇದೆ, ನಿಧಾನ.”

“ಅಗುರಿ, ನಾನು.”

“ಯಾರು?”

“ನಾನೇ! ನಿನ್ನ ಗಂಡ. ಮನೇಲಿ ಇರೋನು ನಾನಲ್ಲ, ಅವನು ಸತ್ತೋನು. ಶೂಯೆನ್ ಅಂತ. ನನ್ನ ಮೈ ಕದ್ದಿದಾನೆ.”

ಅವಳ ಮುಖದಲ್ಲಿ ಮರುಕ ಹೆಚ್ಚಿತು. “ಹಾಗೇ ಆಗ್ಲಿ ಅಜ್ಜಾ. ಮೊದ್ಲು ಗಂಜಿ ಕುಡೀರಿ. ಚಳಿಗೆ ತಲೆ ಸುತ್ತಿರ್ಬೇಕು.”

ಅವನು ಅವಳ ಊರಿನ ಹೆಸರು ಹೇಳಿದ. ಅವಳ ತಾಯಿ ಸತ್ತದ್ದನ್ನು ಹೇಳಿದ. ಓಣಿಯ ಯಾವ ಮುದುಕನಾದರೂ ಹೇಳಬಹುದಾದ ಮಾತುಗಳಂತೆ ಅವು ಅವಳಿಗೆ ಕೇಳಿಸಿದವು. ಅವಳು ತಲೆದೂಗುತ್ತ, ಹುಚ್ಚರನ್ನು ಸಮಾಧಾನಪಡಿಸುವಂತೆ ಬಟ್ಟಲನ್ನು ಮುಂದೆ ಚಾಚಿದಳು. ಆ ಕರುಣೆ ಅವನಿಗೆ ತಡೆಯಲಾಗಲಿಲ್ಲ. ಜೋಗನ್ ಮೋಸಮಾಡಿದ, ಹಿಕೊಜಿ ಮೋಸಮಾಡಿದ, ಈಗ ಇವಳೂ ಭಿಕ್ಷೆ ಹಾಕುತ್ತಿದ್ದಾಳೆ!

“ಗಂಜಿ ಯಾರಿಗೆ ಬೇಕೇ!” ಎಂದು ಅರಚಿ ಬಟ್ಟಲನ್ನು ಹೊಡೆದು ಬೀಳಿಸಿದ. “ಹೇಳಿದ್ದು ಕೇಳಿಸಲ್ವಾ?” ಊರುಗೋಲನ್ನು ತಲೆಯ ಮೇಲಕ್ಕೆ ಎತ್ತಿದ.

ಅಗುರಿ ಹಿಂದೆ ಸರಿದಳು. ಅವಳ ಬೆನ್ನು ತಾನಾಗಿ ಗೋಡೆಯನ್ನು ಹುಡುಕಿಕೊಂಡಿತು, ಕಣ್ಣು ತಾನಾಗಿ ಮುಚ್ಚಿತು. ಮುಚ್ಚಿದ ಕಣ್ಣು ನಿಧಾನವಾಗಿ ತೆರೆಯಿತು. ಅವಳು ಎತ್ತಿದ ಕೈಯನ್ನು ನೋಡಿದಳು, ಮೂಳೆ ಚಾಚಿದ ಆ ಅಪರಿಚಿತ ಮುಖವನ್ನು ನೋಡಿದಳು. ಅವಳಿಗೆ ಗುರುತು ಸಿಕ್ಕಿತು.

“ನೀವೇ,” ಎಂದಳು.

“ಹೂಂ! ನಾನೇ! ನಾನೇ ಕಣೇ. ಬಾ, ಬಂದು ಎಲ್ಲರ ಮುಂದೆ ಹೇಳು.”

ಅವಳು ಬರಲಿಲ್ಲ. ಚೆಲ್ಲಿದ ಗಂಜಿಯ ಆಚೆ ನಿಂತು ಮೆತ್ತಗೆ ಮಾತಾಡಿದಳು. “ಮನೇಲಿರೋದು ನೀವಲ್ಲ ಅಂತ ನಂಗೆ ಮೊದಲ ದಿನಾನೇ ಗೊತ್ತಾಗಿತ್ತು. ಅವರು ಬಾಗಿಲು ಮೆತ್ತಗೆ ಸರಿಸಿದ್ರು. ಊಟ ಮಾಡಿ ಬಟ್ಟಲು ಅವರೇ ತೊಳೆದಿಟ್ರು. ಯಾರೋ ಏನೋ, ಕೇಳ್ಲಿಲ್ಲ ನಾನು. ಕೇಳಿದ್ರೆ ಹೊರಟುಹೋಗ್ತಾರೇನೋ ಅಂತ ಹೆದರಿಕೆ ಆಯ್ತು.”

“ಅಗುರಿ...”

“ನಿಮಗೆ ಅನ್ಯಾಯ ಆಗಿದೆ. ನಂಗೆ ಗೊತ್ತು. ಹೆಸರು ಬೇಕು ಅಂತಿದ್ರಿ, ಊರೆಲ್ಲಾ ನಿಮ್ಮ ಹೆಸರೇ ಹೇಳ್ತಿದೆ. ಅದರಲ್ಲೇ ಸಮಾಧಾನ ಮಾಡ್ಕೊಳ್ಳಿ. ಇನ್ನು ಇಲ್ಲಿಗೆ ಬರ್ಬೇಡಿ.”

ಬಾಗಿಲು ಸರಿಯಿತು, ಒಳಗೆ ಅಗಳಿ ಬಿತ್ತು. ಎತ್ತಿದ ಊರುಗೋಲನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮಗೊರೊಕು ಹಿಮದಲ್ಲಿ ನಿಂತಿದ್ದ.